ಹಾರ್ನಿಗೆ ಹತ್ತುವ ಗಡಿಯಾರದ ದೀಪ

ಸಂಜೆ ಏಳು ಗಂಟೆ. ಶಹಾಪುರದಿಂದ ಸುರಪುರಕ್ಕೆ ಬರುವ ದಾರಿಯಲ್ಲಿ ಲಾಡ್ಲೇಸಾಬನ ಅಂಬಾಸಿಡರ್ ಕಾರಿನ ಡ್ಯಾಶ್‌ಬೋರ್ಡಿನಲ್ಲಿದ್ದ ಗಡಿಯಾರದ ದೀಪ ಸುಟ್ಟುಹೋಯಿತು.

ಗಡಿಯಾರಕ್ಕೆ ಏನೂ ಆಗಿರಲಿಲ್ಲ. ಅದು ನಡೆಯುತ್ತಲೇ ಇತ್ತು. ಸುಟ್ಟದ್ದು ಅದರ ಹಿಂದಿನ ಬಲ್ಬು. ಕಡಲೆ ಕಾಳಿಗಿಂತ ಸಣ್ಣದು. ಬೇರೆ ಯಾರ ಕಾರಿನಲ್ಲಾದರೂ ಇದು ಸುದ್ದಿಯಾಗುವ ಸಂಗತಿಯಲ್ಲ. ಈ ಕಾರಿನಲ್ಲಿ ಸುದ್ದಿಯಾಗಲು ಕಾರಣ ಕಳೆದ ಬಕ್ರೀದಿನಂದು ಲಾಡ್ಲೇಸಾಬ ಬೀಗರು, ನೆಂಟರು ಎಲ್ಲರೂ ಕೂತಿದ್ದಾಗ ಆಡಿದ ಒಂದು ಮಾತು.

"ಈ ಗಾಡ್ಯಾಗ ಚಾಲೂ ಇಲ್ಲದ ಸಾಮಾನು ಒಂದರ ತೋರಸ್ರಿ," ಅಂದಿದ್ದ. "ತೋರಸಿದ ದಿನ ಗುಜರಿಗೆ ಕೊಟ್ಟು ಕೈ ತೊಳಕೋತೀನಿ."

ಅಷ್ಟು ಹೊತ್ತು ಬಿರಿಯಾನಿ ಬಡಿಸುತ್ತಿದ್ದ ಅವನ ಹೆಂಡತಿ ಮದೀನಾಬೀ ತಾಟು ಕೆಳಗಿಟ್ಟು, "ಎಲ್ರೂ ಕೇಳ್ಕೊಂಡ್ರಲ್ಲ?" ಅಂತ ಸುತ್ತ ನೋಡಿದ್ದಳು.

ಅಂದಿನಿಂದ ಅವಳು ಕಾರಿನ ತಪಾಸಣೆಗೆ ನಿಂತಳು. ಸಿಗರೇಟು ಹಚ್ಚುವ ಗುಂಡಿಯನ್ನು ಒತ್ತಿ ಅದು ಕೆಂಪಗಾಗುವ ತನಕ ಕಾದು ನೋಡಿದಳು. ಹಿಂದಿನ ಬಾಗಿಲಿನ ಗಾಜು ಇಳಿಸಿ ಏರಿಸಿದಳು. ಡಿಕ್ಕಿಯ ಬೀಗಕ್ಕೆ ಎರಡನೇ ಬೀಗದಕೈ ಎಲ್ಲಿ ಅಂತ ಕೇಳಿದಳು, ಅದೂ ಇತ್ತು. ಮನೆಯಲ್ಲಿ ನೆರಳಿರುವುದು ಅಂಗಳದ ತಗಡಿನ ಶೆಡ್ಡಿನಡಿ ಒಂದೇ ಕಡೆ. ಆ ನೆರಳಿನಲ್ಲಿ ಹಗಲೆಲ್ಲ ತಣ್ಣಗೆ ಕೂರುತ್ತಿದ್ದದ್ದು ಕಾರು, ಬಿಸಿಲಲ್ಲಿ ಕೂತು ಅಕ್ಕಿ ಆರಿಸುತ್ತಿದ್ದದ್ದು ಮದೀನಾಬೀ. ಅವಳ ತಕರಾರು ಇಷ್ಟೇ.

ಲಾಡ್ಲೇಸಾಬ ಸರ್ಕಾರಿ ಬಸ್ಸಿನ ಡ್ರೈವರಾಗಿ ನಿವೃತ್ತನಾದವನು. ಸುರಪುರ–ಯಾದಗಿರಿ ರಸ್ತೆಯ ತಗ್ಗುಗಳೆಲ್ಲ ಅವನಿಗೆ ಹೆಸರು ಹಿಡಿದು ಕರೆಯುವಷ್ಟು ಪರಿಚಯ. ಕಾರನ್ನು ಕೊಂಡದ್ದು ಹುಣಸಗಿಯಲ್ಲಿದ್ದ ಒಬ್ಬ ಕಾಲುವೆ ಎಂಜಿನಿಯರರಿಂದ. ಗಡಿಯಾರವನ್ನು ಹೈದರಾಬಾದಿನಲ್ಲಿ ಕೂರಿಸಿಕೊಂಡು ಬಂದವರೂ ಅವರೇ. ಲಾಡ್ಲೇಸಾಬ ತನ್ನ ಕಡೆಯಿಂದ ಸೇರಿಸಿದ್ದು ಹಾರ್ನ್ ಒಂದನ್ನೇ. ಕಾರಿನ ಸಣ್ಣ ಪೀಪಿ ಅವನ ಕೈಗೆ ಒಗ್ಗಲಿಲ್ಲ. ಹಳೇ ಬಸ್ಸಿನ ಹಾರ್ನನ್ನು ಹುಡುಕಿ ತಂದು ಹಾಕಿಸಿದ. ಹೀಗಾಗಿ ಕಾರಿನ ಮೈ ಕಾರಿನದು, ಗಂಟಲು ಬಸ್ಸಿನದು.

ಆ ಸಂಜೆ ರಮಜಾನಿಗೆ ಬೇಕಾದ ಖಜೂರ, ಶಾವಿಗೆ ಕೊಂಡು ಗಂಡ ಹೆಂಡತಿ ಶಹಾಪುರದಿಂದ ವಾಪಸು ಬರುತ್ತಿದ್ದರು. ಹಿಂದಿನ ಸೀಟಿನಿಂದ ಮದೀನಾಬೀ ಕೇಳಿದಳು:

"ಅಜೀ, ಟೈಮ್ ಎಷ್ಟಾಗ್ಯದ?"

"ಏಳಾಗಿರಬೇಕು."

"ಆಗಿರಬೇಕು ಯಾಕ? ಎದುರಿಗೇ ಅದಲ್ಲ, ನೋಡಿ ಹೇಳ್ರಿ."

"ರಸ್ತಾ ನೋಡ್ಲೋ, ಗಡಿಯಾರ ನೋಡ್ಲೋ?"

ಮದೀನಾಬೀ ಎರಡು ಸೀಟುಗಳ ನಡುವೆ ತಲೆ ತೂರಿಸಿ ಡ್ಯಾಶ್‌ಬೋರ್ಡ್ ನೋಡಿದಳು. ಗಡಿಯಾರವಿದ್ದ ಜಾಗದಲ್ಲಿ ಕಪ್ಪಗೆ ಒಂದು ತೂತು ಕಾಣುತ್ತಿತ್ತು. ಅವಳು ಹಿಂದಕ್ಕೆ ಒರಗಿ, ಚೀಲದಿಂದ ಮೊಬೈಲ್ ತೆಗೆದು, ಯಾದಗಿರಿಯ ಗುಜರಿ ವ್ಯಾಪಾರಿ ಗುರಪ್ಪನಿಗೆ ಫೋನ್ ಹಚ್ಚಿ ಸ್ಪೀಕರಿಗೆ ಹಾಕಿದಳು. ನಂಬರು ಬಕ್ರೀದಿನ ಮರುದಿನದಿಂದಲೇ ಅವಳ ಹತ್ತಿರ ಇತ್ತು.

ಮನೆಯಲ್ಲಿ ಅವರು ಆಡುವುದು ದಖನಿ ಉರ್ದು. ಆದರೆ ಜಗಳಕ್ಕೆ ಮದೀನಾಬೀ ಕನ್ನಡ ಹಿಡಿಯುತ್ತಿದ್ದಳು, ಓಣಿಯವರಿಗೆಲ್ಲ ತಿಳಿಯಲಿ ಅಂತ.

"ಗುರಪ್ಪಣ್ಣ, ಗಾಡಿ ತಯಾರದ. ಯಾವಾಗ ಬರ್ತೀರಿ?"

"ಸಾಹೇಬ್ರು ಒಪ್ಪ್ಯಾರೇನ್ರಿ ಅಕ್ಕಾರ?"

"ಅವರೇ ನಡಸಾಕತ್ತಾರ. ಕೇಳ್ರಿ ಬೇಕಿದ್ರ."

"ಒಂದು ಬಲ್ಬು!" ಲಾಡ್ಲೇಸಾಬ ಸ್ಟೇರಿಂಗ್ ಬಿಟ್ಟು ಕೂಗಿದ. "ಗುರಪ್ಪ, ಒಂದು ಬಲ್ಬು ಹೋದ್ರ ಗಾಡಿ ಗುಜರಿಗೆ ಹಾಕ್ತಾರೇನು? ನಿನ್ನ ಮನ್ಯಾಗ ಬಲ್ಬು ಹೋದ್ರ ಮನಿ ಕೆಡವತೀಯೇನು?"

"ನಾ ಮನಿ ಬಗ್ಗಿ ಮಾತು ಕೊಟ್ಟಿಲ್ಲಲ್ರಿ ಸಾಹೇಬ್ರ," ಅಂದ ಗುರಪ್ಪ. ಬಕ್ರೀದಿನ ಮಾತು ಯಾದಗಿರಿಗೂ ಮುಟ್ಟಿತ್ತು.

ಕೊನೆಗೆ ಮೂವರೂ ಫೋನಿನಲ್ಲೇ ಒಂದು ಒಪ್ಪಂದಕ್ಕೆ ಬಂದರು. ರಮಜಾನಿನ ಎರಡನೇ ಶುಕ್ರವಾರ ಗುರಪ್ಪ ಬರುವುದು. ಅಷ್ಟರಲ್ಲಿ ದೀಪ ಸರಿಯಾಗಿದ್ದರೆ ಚಹಾ ಕುಡಿದು ಹೋಗುವುದು. ಸರಿಯಾಗಿರದಿದ್ದರೆ ಕಾರು ಒಯ್ಯುವುದು. ನೋಡಿ ತೀರ್ಪು ಹೇಳಬೇಕಾದವನೂ ಗುರಪ್ಪನೇ. ಕಾರು ಒಯ್ಯುವವನೇ ನ್ಯಾಯ ಹೇಳುವುದು ಯಾವ ಸೀಮೆಯ ಪದ್ಧತಿ ಅಂತ ಲಾಡ್ಲೇಸಾಬ ಕೇಳಿದ. "ಗುರಪ್ಪಣ್ಣ ಸುಳ್ಳಾಡೋ ಮನಶ್ಯಾ ಅಲ್ಲ," ಅಂದಳು ಮದೀನಾಬೀ. ಅದು ನಿಜವೂ ಆಗಿತ್ತು.

ಬಲ್ಬಿನ ಹುಡುಕಾಟ ಮರುದಿನವೇ ಶುರುವಾಯಿತು. ಲಾಡ್ಲೇಸಾಬ ಡ್ಯಾಶ್‌ಬೋರ್ಡಿನಡಿ ಕೈ ತೂರಿಸಿ ಕಿತ್ತ ಸುಟ್ಟ ಬಲ್ಬನ್ನು ಅಂಗೈಯಲ್ಲಿಟ್ಟುಕೊಂಡು ಸುರಪುರದ ಬಿಡಿಭಾಗದ ಅಂಗಡಿಗೆ ಹೋದರೆ, ಅಂಗಡಿಯವನು ಕನ್ನಡಕ ಏರಿಸಿ ನೋಡಿ, "ಇದು ಮೂಗುತಿ ಹರಳೇನ್ರಿ? ಅಕ್ಕಸಾಲಿ ಅಂಗಡಿ ಆ ಕಡಿ ಅದ," ಅಂದ. ಯಾದಗಿರಿಯಲ್ಲಿ, "ಗಾಡಿನೇ ಬಂದ್ ಆಗ್ಯದ, ಬಲ್ಬು ಎಲ್ಲಿಂದ ಬರ್ತದ?" ಅಂದರು. ಸಗರದಲ್ಲಿರುವ ಅಳಿಯ ನವಾಜ್ ಮೊಬೈಲಿನಲ್ಲಿ ಹುಡುಕಿ ಒಂದನ್ನು ತರಿಸಿಯೂ ಬಿಟ್ಟ. ಪೆಟ್ಟಿಗೆ ಬಿಚ್ಚಿದರೆ ಗೋಡೆ ಗಡಿಯಾರ. ಸುತ್ತ ದೀಪ, ನಡುವೆ ಎರಡು ನವಿಲು. ಅದನ್ನು ಮದೀನಾಬೀ ಅಡುಗೆಮನೆಗೆ ಹಾಕಿಕೊಂಡಳು.

ರಮಜಾನ್ ಬಂತು. ಎರಡನೇ ಶುಕ್ರವಾರಕ್ಕೆ ಒಂದೇ ದಿನ ಉಳಿದಿದ್ದಾಗ ಲಾಡ್ಲೇಸಾಬ ಶಹಾಪುರದ ಬಸವನ ಹತ್ತಿರ ಹೋದ.

ಬಸವ ಮೆಕ್ಯಾನಿಕ್ಕು. ಬಸ್ ನಿಲ್ದಾಣದ ಹಿಂದಿನ ಗಲ್ಲಿಯಲ್ಲಿ ಒಂದು ಬೇವಿನ ಗಿಡವೇ ಅವನ ಗ್ಯಾರೇಜು. ಯಾವ ಗಾಡಿ, ಯಾವ ರೋಗ ಅಂದರೂ ಅವನದು ಒಂದೇ ಉತ್ತರ: "ಆಗ್ತದ ಕಾಕಾ." ಅವನ ಕೆಲಸದ ಪದ್ಧತಿಯೂ ಅಷ್ಟೇ ಪ್ರಸಿದ್ಧ. ಬಾನೆಟ್ಟು ತೆರೆದರೆ ಸುತ್ತ ನಿಂತವರು ಯಾರೇ ಆಗಿರಲಿ, ತಮ್ಮ ಅಭಿಪ್ರಾಯ ಹೇಳುವ ತನಕ ಅವನು ಅದನ್ನು ಮುಚ್ಚುತ್ತಿರಲಿಲ್ಲ. ಅಲ್ಲಿ ಗಾಡಿ ರಿಪೇರಿಯಾಗುವುದು ಬಹುಮತದಿಂದ.

ಗಡಿಯಾರ ಹೊರಗೆ ಬರಲು ಡ್ಯಾಶ್‌ಬೋರ್ಡ್ ಬಿಚ್ಚಬೇಕಾಯಿತು. ಬಿಚ್ಚಿದ ಸ್ಕ್ರೂಗಳನ್ನು ಚಹಾದಂಗಡಿಯವನು ಬಸಿಯಲ್ಲಿ ಹಿಡಿದುಕೊಂಡ. ಭತ್ತದ ಲಾರಿಯ ಕ್ಲೀನರ್ ಒಬ್ಬ ಮಟಮಟ ಮಧ್ಯಾಹ್ನ ಕೈಬ್ಯಾಟರಿಯ ಬೆಳಕು ಬಿಟ್ಟು ನಿಂತ. ಬ್ಯಾಂಕಿಗೆ ಹೊರಟಿದ್ದ ಒಬ್ಬ ಮಾಸ್ತರರು ಬ್ಯಾಂಕು ಮರೆತು, "ಮೊದಲು ಫ್ಯೂಸ್ ನೋಡಪ," ಅಂದರು. ಬಸವ ಫ್ಯೂಸು ನೋಡಿದ. ಫ್ಯೂಸು ಚೆನ್ನಾಗಿತ್ತು. ಹಳೇ ಸ್ಕೂಟರಿನ ಮೀಟರಿನಿಂದ ಒಂದು ಬಲ್ಬು ಕಿತ್ತು ತಂದ. ಅದು ಗಡಿಯಾರದ ಗೂಡಿನಲ್ಲಿ ಹೇಳಿ ಮಾಡಿಸಿದಂತೆ ಕೂತಿತು.

"ಸೈಜ್ ಬರೋಬ್ಬರಿ!" ಅಂದರು ಎಲ್ಲರೂ.

ಆದರೆ ದೀಪ ಹತ್ತಲಿಲ್ಲ. ಹಿಂದಿನ ವೈರು ಹಪ್ಪಳದಂತೆ ಪುಡಿಯಾಗಿತ್ತು. ಬಸವ ತಲೆಯನ್ನು ಪೂರ್ತಿ ಡ್ಯಾಶ್‌ಬೋರ್ಡಿನೊಳಗೆ ತೂರಿಸಿ, ಒಳಗಿನಿಂದಲೇ ಕೇಳಿದ:

"ಇದಕ್ಕ ಕರೆಂಟ್ ಬ್ಯಾರೆ ಕಡಿಂದ ಕೊಡಬೇಕು. ಇಲ್ಲಿ ಒಂದು ದಪ್ಪಂದು ವಾಯರ್ ಅದ ಕಾಕಾ, ಕೊಡ್ಲೇನು?"

"ಯಾವುದರದ್ದು ಅದು?" ಅಂತ ಲಾಡ್ಲೇಸಾಬ ಕೇಳಿದ.

"ಯಾವುದರದ್ದಾದ್ರ ಏನ್ರಿ, ಕರೆಂಟಿಗೆ ಜಾತಿ ಅದೇನು?" ಅಂದ ಚಹಾದಂಗಡಿಯವನು. ಮಾಸ್ತರರು ತಲೆದೂಗಿದರು. ಬಹುಮತ ಬಂತು.

ಬಸವ ವೈರು ತಾಗಿಸಿದ. ಅದೇ ಹೊತ್ತಿಗೆ ಲಾಡ್ಲೇಸಾಬ ಬಲ್ಬು ನೋಡಬೇಕೆಂದು ಬಗ್ಗಿದ. ಅವನ ಮೊಣಕೈ ಸ್ಟೇರಿಂಗಿನ ನಡುವೆ ಊರಿತು. ಹಾರ್ನು ಗಲ್ಲಿ ನಡುಗುವಂತೆ ಕೂಗಿತು, ಬಸಿಯಲ್ಲಿದ್ದ ಸ್ಕ್ರೂಗಳು ನೆಲಕ್ಕೆ ಚೆಲ್ಲಿದವು, ಬಲ್ಬು ಹತ್ತಿತು.

"ಹತ್ತಿತು! ಹತ್ತಿತು!"

ಅದು ಆರಿದ್ದನ್ನು ಯಾರೂ ನೋಡಲಿಲ್ಲ. ಎಲ್ಲರೂ ಆಗ ಮಣ್ಣಿನಲ್ಲಿ ಸ್ಕ್ರೂ ಹುಡುಕುತ್ತಿದ್ದರು. ಬಸವ ವೈರಿಗೆ ಟೇಪು ಸುತ್ತಿ, ಗಡಿಯಾರವನ್ನು ಜಾಗದಲ್ಲಿ ಒತ್ತಿ, ಡ್ಯಾಶ್‌ಬೋರ್ಡ್ ಮುಚ್ಚಿದ. ಗಡಿಯಾರದ ಕೂದಲೆಳೆಯಷ್ಟು ಸಣ್ಣ ಮುಳ್ಳುಗಳು ಟಿಕ್ ಟಿಕ್ ಎನ್ನುತ್ತಿದ್ದವು. ಬಿಸಿಲು ಕಣ್ಣು ಕುಕ್ಕುತ್ತಿತ್ತು. ಆ ಬೆಳಕಿನಲ್ಲಿ ದೀಪ ಹತ್ತಿದೆಯೋ ಇಲ್ಲವೋ ಹೇಳುವುದು ದೇವರಿಗೂ ಕಷ್ಟ.

ಲಾಡ್ಲೇಸಾಬನಿಗೆ ನಿಜ ಗೊತ್ತಾದದ್ದು ಮನೆಗೆ ಮರಳುವಾಗ, ಕಾಲುವೆಯ ಹತ್ತಿರ. ಹೊತ್ತು ಇಳಿದಿತ್ತು. ಗದ್ದೆಯಿಂದ ಎದ್ದು ಬಂದ ಎಮ್ಮೆಗಳು ರಸ್ತೆ ತುಂಬಿದ್ದವು. ಅವನು ಹಾರ್ನ್ ಹೊಡೆದ. ಗಡಿಯಾರ ಫಳ್ಳನೆ ಬೆಳಗಿತು. ಹಾರ್ನ್ ಬಿಟ್ಟ. ಆರಿತು. ಮತ್ತೆ ಹೊಡೆದ. ಬೆಳಗಿತು. ಸಣ್ಣದಾಗಿ ಒಮ್ಮೆ ಪೀಂ ಅನ್ನಿಸಿದ. ಗಡಿಯಾರ ಕಣ್ಣು ಹೊಡೆದಂತೆ ಒಮ್ಮೆ ಮಿನುಗಿತು.

ಎಮ್ಮೆಗಳು ಸರಿದು ಹೋದ ಮೇಲೂ ಅವನು ಪರೀಕ್ಷೆ ಮುಂದುವರಿಸಿದ. ಮುಂದೆ ಹೋಗುತ್ತಿದ್ದ ಟ್ರ್ಯಾಕ್ಟರಿನವನು ಒಮ್ಮೆ ಸೈಡು ಕೊಟ್ಟ, ಇನ್ನೊಮ್ಮೆ ಕೊಟ್ಟ, ಮೂರನೇ ಸಲ ಟ್ರ್ಯಾಕ್ಟರು ಗದ್ದೆಗೆ ಇಳಿಸಿಯೇ ಬಿಟ್ಟು ಕೂಗಿದ: "ಇನ್ನ ಕಾಲುವಿಗೆ ಬೀಳ್ಲೇನೋ ಮಾರಾಯಾ?"

ಲಾಡ್ಲೇಸಾಬ ಕಾರು ನಿಲ್ಲಿಸಿ ಬಸವನಿಗೆ ಫೋನ್ ಮಾಡಿದ.

"ಬಸವ, ಹಾರ್ನ್ ಹೊಡದ್ರ ಗಡಿಯಾರ ಹತ್ತಾಕತ್ತದಲ್ಲೋ."

"ಹತ್ತಾಕತ್ತದಲ್ರಿ ಕಾಕಾ? ಹಂಗಾರ ಆತಲ್ಲ."

"ಹಾರ್ನ್ ಹೊಡದ್ರಷ್ಟ ಹತ್ತತದ!"

"ಎರಡೂ ಕೂಡಿ ಕೆಲಸ ಮಾಡಾಕತ್ತಾವ ಕಾಕಾ. ಕೆಟ್ಟಿಲ್ಲ. ನಾ ಈಗ ಹುಣಸಗಿ ಬಸ್ಸಿನ್ಯಾಗ ಹೊಂಟೀನಿ, ತಂಗಿ ಮನಿಗಿ. ಸೋಮವಾರ ಬರ್ರಿ, ಆಗ್ತದ."

ಸೋಮವಾರ ಆಗುತ್ತಿತ್ತು. ಆದರೆ ಗುರಪ್ಪ ಬರುವುದು ನಾಳೆ.

ಲಾಡ್ಲೇಸಾಬ ಸುರಪುರ ಮುಟ್ಟುವ ತನಕ ತಾನು ಬಕ್ರೀದಿನಂದು ಆಡಿದ ಮಾತನ್ನು ಅಕ್ಷರಶಃ ನೆನಪಿಸಿಕೊಂಡ. 'ಚಾಲೂ ಇಲ್ಲದ ಸಾಮಾನು' ಅಂದಿದ್ದ. ಯಾವುದಕ್ಕೆ ಚಾಲೂ ಆಗಬೇಕು ಅಂತ ಹೇಳಿರಲಿಲ್ಲ. ದೀಪ ಹತ್ತುತ್ತದೆ. ಹತ್ತುವ ದೀಪ ಚಾಲೂ ಇರುವ ದೀಪ. ಇನ್ನು ಹಾರ್ನು: ರಸ್ತೆಯಲ್ಲಿ ಹಾರ್ನ್ ಹೊಡೆಯಲು ಯಾರ ಅಪ್ಪಣೆ ಬೇಕು? ಗುರಪ್ಪ ದೀಪ ನೋಡಬೇಕು ಅಂದಾಗ ಒಂದು ಕೋಳಿಯೋ ನಾಯಿಯೋ ಅಡ್ಡ ಬಂದರೆ ಮುಗಿಯಿತು. ಈ ಸೀಮೆಯಲ್ಲಿ ಅವಕ್ಕೇನೂ ಬರವಿಲ್ಲ.

ಶುಕ್ರವಾರ ಮಧ್ಯಾಹ್ನದ ಬಸ್ಸಿಗೆ ಗುರಪ್ಪ ಬಂದಿಳಿದ. ದಪ್ಪ ಮನುಷ್ಯ, ದಪ್ಪ ಕನ್ನಡಕ, ನಿಧಾನದ ಮಾತು. ಕಾರಿನ ಸುತ್ತ ಒಂದು ಸುತ್ತು ಬಂದು, ಬಾಗಿಲಿಗೆ ಬೆರಳಿನಿಂದ ಟಣ್ ಅಂತ ಬಡಿದು, "ತಗಡು ಗಟ್ಟಿ ಅದ," ಅಂದ. ಲಾಡ್ಲೇಸಾಬನಿಗೆ ತನ್ನ ಪಕ್ಕೆಲುಬಿಗೇ ಬಡಿದಂತಾಯಿತು.

ಆ ಸಂಜೆ ಮಗಳು ಸಮ್ರೀನಳ ಮನೆಯಲ್ಲಿ, ಸಗರದಲ್ಲಿ, ಇಫ್ತಾರಿಗೆ ಕರೆ ಇತ್ತು. ಮದೀನಾಬೀ ಎಲ್ಲವನ್ನೂ ಮೊದಲೇ ಯೋಚಿಸಿದ್ದಳು. "ಬಿಸಿಲಾಗ ಏನ್ ಕಾಣ್ತದ? ಗುರಪ್ಪಣ್ಣ, ನೀವೂ ಸಗರಕ್ಕ ಬರ್ರಿ. ಹೊತ್ತು ಇಳಿದ ಮ್ಯಾಲ ನೋಡೂಣು, ಇಫ್ತಾರಿ ಮಾಡೂಣು. ಹತ್ತದಿದ್ರ ಅಲ್ಲಿಂದನೇ ಗಾಡಿ ತೊಗೊಂಡು ಯಾದಗಿರಿಗಿ ಹೋಗ್ರಿ. ನಾವು ಬಸ್ಸಿಗಿ ಬರ್ತೀವಿ."

ಗುರಪ್ಪ ಮುಂದಿನ ಸೀಟಿನಲ್ಲಿ ಕೂತ. ಸುರಪುರದಿಂದ ಸಗರದ ತನಕ ಅವನ ಕಣ್ಣು ಗಡಿಯಾರ ಬಿಟ್ಟು ಅಲುಗಲಿಲ್ಲ. ಲಾಡ್ಲೇಸಾಬ ನಡುನಡುವೆ ಬರಿದಾದ ರಸ್ತೆಗೂ ಒಂದೊಂದು ಹಾರ್ನ್ ಕೊಟ್ಟು ನೋಡಿದ. ಪಡುವಣದ ಬಿಸಿಲು ನೇರ ಗಾಜಿಗೆ ಹೊಡೆಯುತ್ತಿತ್ತು. ದೀಪ ಹತ್ತಿದ್ದೂ ಆರಿದ್ದೂ ಗುರಪ್ಪನಿಗೆ ಕಾಣಲಿಲ್ಲ.

"ಯಾರಿಗಿ ಹೊಡೀತೀರಿ ಹಾರ್ನ್?" ಮದೀನಾಬೀ ಕೇಳಿದಳು.

"ಚಟ. ಬಸ್ಸಿನ್ಯಾಗಿಂದ."

ಸಗರದಲ್ಲಿ ಸಮ್ರೀನಳ ಮನೆಯಿದ್ದ ಓಣಿಗೆ ಕಾರು ಹೋಗುವಂತಿರಲಿಲ್ಲ. ಓಣಿಯ ಉದ್ದಕ್ಕೂ ಚಾಪೆ ಹಾಸಿ ಎಲ್ಲ ಮನೆಯವರೂ ಒಟ್ಟಿಗೆ ಇಫ್ತಾರಿಗೆ ಕೂತಿದ್ದರು. ತಾಟುಗಳಲ್ಲಿ ಖಜೂರ, ಕಲ್ಲಂಗಡಿ, ಮಿರ್ಚಿ ಭಜಿ. ದಿನದ ಉಪವಾಸ, ರೋಜಾ, ಬಿಡುವುದು ಆರು ಮೂವತ್ತೊಂದಕ್ಕೆ; ಇನ್ನು ಆರು ನಿಮಿಷ ಬಾಕಿ. ಎಲ್ಲರ ಜೇಬಿನಲ್ಲೂ ಮೊಬೈಲ್ ಇತ್ತು, ಆದರೆ ಮೊಬೈಲು ನೋಡಿ ರೋಜಾ ಬಿಡುವ ಪದ್ಧತಿ ಆ ಓಣಿಯಲ್ಲಿಲ್ಲ. ಒಂದು ಮೊಬೈಲಿಗೂ ಇನ್ನೊಂದಕ್ಕೂ ನಿಮಿಷ ಎರಡು ನಿಮಿಷ ಫರಕು ಬರುತ್ತಿತ್ತು. ಮಸೀದಿಯ ಭೋಂಗಾ ಕೂಗಿದರೇ ಖಜೂರ ಬಾಯಿಗೆ. ಆ ಸೈರನ್ನಿನ ಕಾಯಿಲ್ ಸುಟ್ಟು ವಾರವಾಗಿತ್ತು. ಆ ವಾರವೆಲ್ಲ ಇಮಾಮರು ಮೈಕಿನಲ್ಲಿ ಹೇಳಿ ನಿಭಾಯಿಸಿದ್ದರು. ಯಾದಗಿರಿಗೆ ರಿಪೇರಿಗೆ ಹೋದ ಭೋಂಗಾ ಇವತ್ತು ಸಂಜೆ ಬರುತ್ತದೆ ಅಂತ ಇಡೀ ಓಣಿಗೆ ಗೊತ್ತಿತ್ತು. ಬಂದಿಲ್ಲ ಅನ್ನುವುದು ಇಮಾಮರೊಬ್ಬರಿಗೆ ಗೊತ್ತಿತ್ತು.

ಲಾಡ್ಲೇಸಾಬ ಓಣಿಯ ಬಾಯಿಗೆ ಕಾರು ನಿಲ್ಲಿಸಿ ಇಳಿಯಲು ಹೊರಟ.

"ಕೂಡ್ರಿ," ಅಂದಳು ಮದೀನಾಬೀ. "ಇಳಿದು ಹೋದ್ರ ಮಗಳ ಮುಂದ ಮಾತು ಮರೀತೀರಿ. ಗುರಪ್ಪಣ್ಣ, ಈಗ ನೋಡ್ರಿ."

"ಇನ್ನೂ ಬೆಳಕದಲ್ರಿ ಅಕ್ಕಾರ."

ಮದೀನಾಬೀ ಮಡಿಲಲ್ಲಿದ್ದ ಚಾದರವನ್ನು ಬಿಚ್ಚಿ ಗುರಪ್ಪನ ತಲೆಯ ಮೇಲೂ ಡ್ಯಾಶ್‌ಬೋರ್ಡಿನ ಮೇಲೂ ಕವುಚಿದಳು. ಗುರಪ್ಪ ಹಳೇ ಕಾಲದ ಫೋಟೋ ಸ್ಟುಡಿಯೋದವನಂತೆ ಒಳಗೆ ಸೇರಿಹೋದ.

"ಏನ್ ಕಾಣ್ತದ?"

"ಏನಿಲ್ರಿ. ಕತ್ತಲ."

ಲಾಡ್ಲೇಸಾಬ ಹಾರ್ನ್ ಹೊಡೆದ.

"ಹಾಂ! ಹತ್ತಿತು!" ಚಾದರದೊಳಗಿಂದ ದನಿ. "ಹೋತು."

"ಹಾರ್ನ್ ಯಾಕ ಹೊಡದ್ರಿ?" ಅಂತ ಮದೀನಾಬೀ.

"ಕೋಳಿ ಅಡ್ಡ ಬಂತು."

"ನಿಂತ ಗಾಡಿಗಿ ಕೋಳಿ ಅಡ್ಡ ಬರ್ತದೇನು?"

"ಹತ್ತಿತಲ್ಲ ಗುರಪ್ಪ? ಹೇಳು ಮತ್ತ!"

"ಹತ್ತಿದಂಗಾತು. ಬರೇ ಹತ್ತಿದ್ರ ಆಗಂಗಿಲ್ರಿ ಸಾಹೇಬ್ರ, ಅದರಾಗ ಟೈಮ್ ಕಾಣಬೇಕು. ಇಲ್ಲಂದ್ರ ಗಡಿಯಾರಕ್ಕ ದೀಪ ಯಾಕ?" ಗುರಪ್ಪ ನ್ಯಾಯವಂತ. ತಾನು ಕಣ್ಣಾರೆ ಓದದ ಹೊರತು ತೀರ್ಪು ಹೇಳುವವನಲ್ಲ. "ಇನ್ನೊಮ್ಮೆ ಹಚ್ಚರಿ. ತಡೀರಿ, ಚಷ್ಮಾಕ್ಕ ಬೆವರು ಬಂದದ. ಹಾಂ, ಹಚ್ಚರಿ."

ಲಾಡ್ಲೇಸಾಬನಿಗೆ ಇನ್ನು ದಾರಿಯಿರಲಿಲ್ಲ. ಕಾರು ಉಳಿಯಬೇಕಾದರೆ ಗುರಪ್ಪ ಆ ಮುಳ್ಳುಗಳನ್ನು ಓದಲೇಬೇಕು. ಅವನು ಹಾರ್ನಿನ ಮೇಲೆ ಅಂಗೈ ಊರಿದ, ಎತ್ತಲಿಲ್ಲ.

"ಸಣ್ಣ ಮುಳ್ಳು ಆರರ ಮ್ಯಾಲ ಅದ," ಗುರಪ್ಪ ಹಾರ್ನಿನ ಸದ್ದಿಗೂ ಮೇಲೆ ಕೂಗಿದ. "ದೊಡ್ಡದು... ಬಿಡಬ್ಯಾಡ್ರಿ... ಐದು ದಾಟ್ಯದ... ಬಿಡಬ್ಯಾಡ್ರಿ, ಬಿಡಬ್ಯಾಡ್ರಿ... ಆರು ಇಪ್ಪತ್ತೇಳು!"

ಲಾಡ್ಲೇಸಾಬ ಕೈ ಎತ್ತಿದ. ಸಗರಕ್ಕೆ ಸಗರವೇ ನಿಶ್ಶಬ್ದವಾದಂತಿತ್ತು. ಮುಂದಿನ ಗಾಜಿನಾಚೆ ಅವನು ನೋಡುತ್ತಿದ್ದಂತೆಯೇ ಓಣಿಯ ಈ ತುದಿಯಿಂದ ಆ ತುದಿಯ ತನಕ ಎಲ್ಲರ ಕೈಗಳೂ ಒಟ್ಟಿಗೆ ತಾಟಿಗೆ ಹೋಗಿ, ಒಟ್ಟಿಗೆ ಬಾಯಿಗೆ ಬಂದವು.

ಮಸೀದಿಯ ಬಾಗಿಲಿನಿಂದ ಇಮಾಮರು ಬರಿಗಾಲಲ್ಲಿ ಓಡಿ ಬಂದರು.

"ಉಗಳ್ರಿ! ಉಗಳ್ರಿ! ಇನ್ನೂ ಟೈಮ್ ಆಗಿಲ್ಲ! ಇನ್ನೂ ನಾಲ್ಕು ನಿಮಿಷ ಅದ!"

ಖಜೂರಗಳು ಹೊರಗೆ ಬಂದವು. ಕೆಲವು ಆಗಲೇ ಹೊಟ್ಟೆ ಸೇರಿದ್ದವು. ಬಾಯಿ ಮುಕ್ಕಳಿಸುವ ಸದ್ದು ಓಣಿ ತುಂಬಿತು. ಎಲ್ಲರಿಗಿಂತ ಹಿರಿಯಳು, ಸಮ್ರೀನಳ ಪಕ್ಕದ ಮನೆಯ ಉಮೆಸಲ್ಮಾ, ಅರ್ಧ ಕಡಿದ ಮಿರ್ಚಿ ಭಜಿಯನ್ನು ಎತ್ತಿ ಹಿಡಿದುಕೊಂಡೇ ಎದ್ದು ಬಂದಳು.

"ಹಂಗಾರ ಕೂಗಿದ್ದು ಯಾವುದು?"

ಎಲ್ಲರೂ ಕಾರಿನ ಕಡೆ ನೋಡಿದರು. ಆಗಷ್ಟೇ ಚಾದರದೊಳಗಿಂದ ಗುರಪ್ಪನ ತಲೆ ಹೊರಗೆ ಬಂತು.

"ಅಬ್ಬಾ!" ಅಂತ ಅಪ್ಪನನ್ನು ಕೂಗಿದಳು ಸಮ್ರೀನ್. ಅವಳ ಬಾಯಲ್ಲಿ ಇನ್ನೂ ಖಜೂರದ ಬೀಜ ಇತ್ತು.

ಸೂರ್ಯ ಮುಳುಗಲು ಬಾಕಿಯಿದ್ದ ಆ ನಾಲ್ಕು ನಿಮಿಷ ಯಾರೂ ತಿನ್ನುವಂತಿರಲಿಲ್ಲ. ಹೀಗಾಗಿ ಎಲ್ಲರ ಬಾಯಿಯೂ ಬೈಯಲು ಖಾಲಿ ಇತ್ತು.

"ಬೀಗರ," ಅಂದಳು ಉಮೆಸಲ್ಮಾ, "ಎಂಬತ್ತು ವರ್ಷ ಆತು ನನಗ. ಜ್ವರ ಬಂದ್ರೂ ರೋಜಾ ಬಿಟ್ಟಾಕಿ ಅಲ್ಲ. ಇವತ್ತು ನಿಮ್ಮ ಗಾಡಿ ಬಿಡಸ್ತು! ಭೋಂಗಾ ರಿಪೇರಿ ಆಗಿ ಬಂತಂದ್ಕೊಂಡೆ. ದನಿ ಬ್ಯಾರೆ ಅದಲ್ಲ ಅಂದಳು ನಮ್ಮ ಸೊಸಿ. ನಾನೇ ಅಂದೆ, ಯಾದಗಿರಿ ನೀರು ಕುಡದು ಗಂಟಲು ಬಿಟ್ಟದ, ತಿನ್ನು ನೀ ಅಂತ."

"ಇವರ ರೋಜಾ ಹ್ಯಾಂಗದ?" ಯಾರೋ ಕೇಳಿದರು.

ಲಾಡ್ಲೇಸಾಬ ನೆಲ ನೋಡಿದ. ಅವನದೂ ಮದೀನಾಬೀಯದೂ ರೋಜಾ ಗಟ್ಟಿಯಾಗಿತ್ತು. ಇಮಾಮರದು ಬಿಟ್ಟರೆ ಇಡೀ ಓಣಿಯಲ್ಲಿ ಉಳಿದದ್ದು ಅವೆರಡೇ.

"ವಾಹ್! ಊರಿಂದು ಕೆಡಿಸಿ ತಮ್ಮದಷ್ಟ ಭದ್ರ ಇಟ್ಕೊಂಡಾರ!"

ಇಮಾಮರು ಎಲ್ಲರನ್ನೂ ಸುಮ್ಮನಿರಿಸಿದರು. ತಿಳಿಯದೆ ಆದದ್ದು, ದೊಡ್ಡ ತಪ್ಪಲ್ಲ, ಆದರೆ ಈದಿನ ನಂತರ ಬಾಯಿಗೆ ಹಾಕಿಕೊಂಡವರೆಲ್ಲ ಇದಕ್ಕೆ ಬದಲಾಗಿ ಒಂದು ರೋಜಾ ಇಡಬೇಕು ಅಂತ ಹೇಳಿದರು. "ಬೀಗರೂ ಅವತ್ತು ನಮ್ಮ ಸಂಗಟ ಇಡ್ತಾರ," ಅಂದಳು ಉಮೆಸಲ್ಮಾ. ಲಾಡ್ಲೇಸಾಬ ಕೂಡಲೇ ಒಪ್ಪಿದ. "ಆದ್ರ ಹಾರ್ನ್ ಯಾಕ ಹೊಡದ್ರಿ, ಅದು ಹೇಳ್ರಿ ಮೊದಲ," ಅಂದರು ಇಮಾಮರು.

ಬಲ್ಬು, ಬಸವ, ದಪ್ಪ ವೈರು, ಬಕ್ರೀದಿನ ಮಾತು, ಎಲ್ಲವನ್ನೂ ಲಾಡ್ಲೇಸಾಬ ಒಂದೇ ಉಸಿರಿನಲ್ಲಿ ಹೇಳಿದ. ಮದೀನಾಬೀ ಕೇಳಿ ಮುಗಿಸಿ ಸೊಂಟದ ಮೇಲೆ ಕೈ ಇಟ್ಟಳು.

"ಅಂದ್ರ ಟೈಮ್ ನೋಡಬೇಕಂದ್ರ ಹಾರ್ನ್ ಹೊಡೀಬೇಕು! ಇದಕ್ಕ ಚಾಲೂ ಅಂತಾರೇನ್ರಿ ಇಮಾಮ್ ಸಾಬ್?"

"ರೋಜಾದ ಮಾತು ಕೇಳ್ರಿ ತಾಯಿ, ಹೇಳ್ತೀನಿ. ಬಲ್ಬಿನ ಮಾತು ನನ್ನ ಕಿತಾಬ್‌ನ್ಯಾಗ ಇಲ್ಲ," ಅಂದರು ಇಮಾಮರು.

"ಗುರಪ್ಪಣ್ಣ, ನೀವ ಹೇಳ್ರಿ."

ಗುರಪ್ಪ ಕನ್ನಡಕ ಒರೆಸಿಕೊಂಡ. ಚಾದರದೊಳಗೆ ಅವನ ಕೂದಲು ಎದ್ದು ನಿಂತಿತ್ತು. "ಕಂಡದ್ದು ಹೇಳ್ತೀನ್ರಿ. ದೀಪ ಹತ್ಯದ. ಅದರ ಬೆಳಕಿನ್ಯಾಗ ನಾ ಟೈಮ್ ಓದೀನಿ. ಇಮಾಮ್ ಸಾಬ್ ನಾಲ್ಕು ನಿಮಿಷ ಅದ ಅಂದ್ರು. ಗಡಿಯಾರನೂ ಅದನ್ನೇ ಹೇಳ್ಯದ. ಹಾರ್ನ್ ಬಿಟ್ರ ಆರ್ತದ, ಅದೂ ಖರೇ. ಆದ್ರ ಸಾಹೇಬ್ರು ಬಕ್ರೀದಿನಾಗ ಹಾರ್ನ್ ಬಿಟ್ಟು ಹತ್ತಬೇಕು ಅಂದಿದ್ರೇನು?"

ಹಾಗೆ ಅವನು ಅಂದಿರಲಿಲ್ಲ. ಮದೀನಾಬೀಗೂ ಹಾಗೆ ಕೇಳಿದ ನೆನಪಿರಲಿಲ್ಲ. ಆದರೆ ಗುರಪ್ಪ ಅಷ್ಟಕ್ಕೇ ಬಿಡುವವನಲ್ಲ. "ಅರ್ಧ ಗೆದ್ದಾರ ಅಂತ ಹೇಳಬಹುದು. ಅರ್ಧ ಗಾಡಿ ಒಯ್ಯಾಕ ಬರಂಗಿಲ್ಲ. ನೀವೇ ಮಾತಾಡ್ಕೊಂಡು ಹೇಳ್ರಿ, ಬಿಡಂದ್ರ ಬಿಡ್ತೀನಿ, ಒಯ್ಯಂದ್ರ ಒಯ್ತೀನಿ."

"ಒಯ್ಯೋದು ಎಲ್ಲಿಗಿ?" ಉಮೆಸಲ್ಮಾ ಭಜಿಯನ್ನೇ ಅಡ್ಡ ಹಿಡಿದಳು. "ನಮ್ಮ ರೋಜಾ ಕೆಡಿಸಿದ ಗಾಡಿ ಇದು. ಭೋಂಗಾ ಯಾವಾಗ ಬರ್ತದ ಇಮಾಮ್ ಸಾಬ್?"

"ಈಗ ಫೋನ್ ಬಂದಿತ್ತು. ಈದ್ ಆದ ಮ್ಯಾಲ ಕೊಡ್ತೀನಿ ಅಂದಾನ."

"ಹಂಗಾರ ಈದ್ ತನಕ ಇದೇ ಭೋಂಗಾ. ಕೆಡಿಸಿದ್ದು ಇದು, ಸುಧಾರಸೋದೂ ಇದೇ. ದಿನಾ ಇಲ್ಲೇ ನಿಂತು, ಬರೋಬ್ಬರಿ ಟೈಮಿಗಿ ಕೂಗಲಿ."

ಓಣಿ ಒಂದೇ ದನಿಯಲ್ಲಿ ಹೌದೆಂದಿತು. ಇಮಾಮರು ಕಾರನ್ನು ಹಿಂದೆ ಮುಂದೆ ನೋಡಿದರು. ಸದ್ದು ಊರ ಕೊನೆಗೂ ಮುಟ್ಟುತ್ತದೆ. ಬ್ಯಾಟರಿಯ ಮೇಲೆ ನಡೆಯುವುದರಿಂದ ಕರೆಂಟಿನ ಹಂಗಿಲ್ಲ. ಇಮಾಮರೂ ಒಪ್ಪಿದರು.

"ಟೈಮ್ ಆಗಾಕತ್ತದ, ಕೂಡ್ರಿ ಬೀಗರ," ಅಂದು ತಮ್ಮ ಕೈಗಡಿಯಾರ ನೋಡುತ್ತ ಬಾನೆಟ್ಟಿನ ಹತ್ತಿರ ನಿಂತರು. ಓಣಿಯವರು ಮತ್ತೆ ತಾಟುಗಳ ಮುಂದೆ ಕೂತರು. ಈ ಸಲ ಯಾರ ಕಣ್ಣೂ ತಾಟಿನ ಮೇಲೆ ಇರಲಿಲ್ಲ, ಎಲ್ಲರ ಕಣ್ಣೂ ಇಮಾಮರ ಕೈ ಮೇಲೆ. ಆರು ಮೂವತ್ತೊಂದಕ್ಕೆ ಆ ಕೈ ಬಾನೆಟ್ಟಿನ ಮೇಲೆ ಬಡಿಯಿತು. ಮೂವತ್ತು ವರ್ಷ ಬಸ್ಸು ನಡೆಸಿದ ಲಾಡ್ಲೇಸಾಬ ಅಷ್ಟು ಶ್ರದ್ಧೆಯಿಂದ ಹಿಂದೆಂದೂ ಹಾರ್ನ್ ಹೊಡೆದಿರಲಿಲ್ಲ. ಆದರೂ ಉಮೆಸಲ್ಮಾ ಭಜಿ ಕಚ್ಚುವ ಮೊದಲು ಕೂಗಿ ಕೇಳಿದಳು: "ಖರೇನ ಆಗ್ಯದಲ್ಲ?"

"ಆಗ್ಯದ, ತಿನ್ನಮ್ಮಾ!" ಅಂದರು ಇಮಾಮರು.

ಗುರಪ್ಪ ಮಧ್ಯಾಹ್ನದಿಂದ ಮರ್ಯಾದೆಗೆ ಅಂತ ಒಂದು ಹನಿ ನೀರೂ ಕುಡಿದಿರಲಿಲ್ಲ. ನವಾಜ್ ಅವನ ಮುಂದೆ ತುಂಬಿದ ತಾಟು ಇಟ್ಟ. ಮದೀನಾಬೀ ಖಜೂರ ಕೈಯಲ್ಲಿ ಹಿಡಿದು ಮಗಳ ಕಿವಿಯಲ್ಲಿ ಕೇಳಿದಳು:

"ಗಾಡಿ ಈದ್ ತನಕ ಇಲ್ಲೇ ಇರ್ತದೇನು?"

"ಹೌದಮ್ಮಿ."

"ರಾತ್ರಿನೂ?"

"ಇಲ್ಲೇ ಓಣಿ ಬಾಯಿಗಿ."

ಮದೀನಾಬೀ ಖಜೂರ ಬಾಯಿಗೆ ಹಾಕಿಕೊಂಡು, ನಿಧಾನವಾಗಿ ಅಗಿದು, ಗಂಡನ ಕಡೆ ತಿರುಗಿದಳು. "ಆತು ಬಿಡ್ರಿ. ದೀಪ ಚಾಲೂ ಅದ. ಒಪ್ಪಿದೆ. ಗುಜರಿಗಿ ಹಾಕೋದು ಬ್ಯಾಡ."

ಅವಳು ಇಷ್ಟು ಸುಲಭಕ್ಕೆ ಒಪ್ಪಿದ್ದು ಮದುವೆಯಾದಾಗಿನಿಂದ ಇದೇ ಮೊದಲು. ಲಾಡ್ಲೇಸಾಬ ಆ ಖುಷಿಯಲ್ಲಿ ಎರಡು ಭಜಿ ಹೆಚ್ಚು ತಿಂದ. ರಾತ್ರಿ ಇಬ್ಬರೂ ಬಸ್ಸಿಗೆ ಸುರಪುರಕ್ಕೆ ಹೋದರು. ಅವನು ಡ್ರೈವರಿನ ಹಿಂದಿನ ಸೀಟಿನಲ್ಲಿ ಕೂತು ಪ್ರತಿ ತಗ್ಗಿಗೂ ಮೊದಲೇ ಎಚ್ಚರಿಕೆ ಕೊಟ್ಟ. ಡ್ರೈವರು ಒಂದಕ್ಕೂ ತಿರುಗಿ ನೋಡಲಿಲ್ಲ.

ಮರುದಿನದಿಂದ ಲಾಡ್ಲೇಸಾಬ ದಿನಾ ಮಧ್ಯಾಹ್ನದ ಬಸ್ಸಿಗೆ ಸಗರಕ್ಕೆ ಹೋಗಿ ಕಾರಿನಲ್ಲಿ ಕೂರತೊಡಗಿದ. ಸೋಮವಾರ ಬಸವ ಫೋನ್ ಮಾಡಿ, "ಬರ್ರಿ ಕಾಕಾ, ಹಾರ್ನ್ ಬ್ಯಾರೆ, ಲೈಟ್ ಬ್ಯಾರೆ ಮಾಡಿ ಕೊಡ್ತೀನಿ, ಆಗ್ತದ," ಅಂದ. ಈಗ ಬೇಡ ಅಂತ ಲಾಡ್ಲೇಸಾಬ ಹೇಳಿದ.

ಅದೇ ಸೋಮವಾರ ಸುರಪುರದಲ್ಲಿ ಮದೀನಾಬೀ ಖಾಲಿ ಶೆಡ್ಡು ಗುಡಿಸಿ, ಎರಡು ಆಡು ಕೊಂಡು ತಂದು ಅಲ್ಲಿ ಕಟ್ಟಿ, ಅವುಗಳ ಪಕ್ಕದ ನೆರಳಿನಲ್ಲಿ ಅಕ್ಕಿ ಆರಿಸಲು ಕೂತಳು.